ಉಳಿದುಹೋದ ಪಾಠ

ಅಮೂಲ್ಯ ಭದ್ರಾವತಿಯಲ್ಲಿ ರೈಲು ಹತ್ತುವಷ್ಟರಲ್ಲಿ ಕಿಟಕಿ ಪಕ್ಕದ ಅವಳ ಜಾಗದಲ್ಲಿ ಕವನ ಕುಳಿತಾಗಿತ್ತು. ಎದುರಿಗೆ ಗುರು. ಇಂದೂ ಅದೇ ಕಥೆ.

ಅವರ ಫಾರ್ಮಸಿ ಕಾಲೇಜಿನಲ್ಲಿ ಒಂದು ಪದ್ಧತಿ. ಹೊಸದಾಗಿ ಸೇರಿದವರಿಗೆ ಅದೇ ರೋಲ್ ನಂಬರಿನ ಸೀನಿಯರ್ ಓದಿನ ದಾರಿ ತೋರಿಸಬೇಕು. ಅಮೂಲ್ಯಳ ಪಾಲಿಗೆ ಬಂದ ಜೂನಿಯರ್ ಗಣೇಶ್ ನೋಟ್ಸ್ ಇಸಿದುಕೊಂಡು ಹೋದವನು ತಿರುಗಿ ಮುಖ ತೋರಿಸಿರಲಿಲ್ಲ. ಗುರುವಿನ ಪಾಲಿಗೆ ಬಂದ ಈ ಮಹಾತಾಯಿಗೆ ಮಾತ್ರ ದಿನಾ ಪಾಠ ಆಗಬೇಕು.

ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ಕವನ ಕೇಳುತ್ತಿದ್ದಳು. ಗುರು ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನು ತಡವರಿಸಿದರೆ ಇಬ್ಬರಿಗೂ ನಗು. ಅಮೂಲ್ಯಳಿಗೆ ಹೊಟ್ಟೆ ಉರಿಯುತ್ತಿತ್ತು. ಮನೆಗೆ ಬಂದು ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ ಎಂದವನು ಇವನೇ ತಾನೆ? ಅಲ್ಲದೆ, ಎರಡು ವರ್ಷ ನರ್ಸಿಂಗ್ ಓದಿ ಬಂದವಳಿಗೆ ಎಲುಬು, ನರ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಬರೀ ನಾಟಕ.

"ನನ್ನ ಜೊತೆ ಒಂದಿನಾನಾದ್ರೂ ಹೀಗೆ ಕೂತು ಓದಿದೀಯಾ?" ಎಂದು ಒಮ್ಮೆ ಕೇಳಿಯೂ ಇದ್ದಳು.

"ನೀನು ಕ್ಲಾಸಿಗೇ ಫಸ್ಟು ಮಾರಾಯ್ತಿ. ನಿನ್ನ ಮುಂದೆ ನಾನು ಏನಂತ ಬಾಯಿ ಬಿಡ್ಲಿ?" ಎಂದು ಗುರು ಮಾತು ತೇಲಿಸಿದ್ದ.

ಶಿವಮೊಗ್ಗದಲ್ಲಿ ಇಳಿದು ಗುರು ಮುಂದೆ ಹೋದ ಮೇಲೆ ಅಮೂಲ್ಯ ಕವನಳನ್ನು ತಡೆದಳು.

"ನಾಳೆಯಿಂದ ಅವನ ಹತ್ರ ಕೂರಬೇಡ. ಪಾಠ ಬೇಕಿದ್ರೆ ನನ್ನನ್ನ ಕೇಳು."

"ನಾಳೆ ಒಂದಿನ ಅಕ್ಕ. ಹೃದಯದ ಪಾಠ ಒಂದು ಉಳಿದಿದೆ."

"ಅದಂತೂ ಬೇಡವೇ ಬೇಡ."

ಕವನ ಗುರು ಹೋದ ದಿಕ್ಕನ್ನೊಮ್ಮೆ ನೋಡಿ ತಲೆಯಾಡಿಸಿದಳು.

ಮರುದಿನ ಕವನ ಬೇರೆ ಬೋಗಿ ಹತ್ತಿದಳು. ಅಮೂಲ್ಯಳಿಗೆ ಕಿಟಕಿ ಸಿಕ್ಕಿತು. ಗುರು ಪುಸ್ತಕವನ್ನು ಬ್ಯಾಗಿಗೆ ತುರುಕಿ ಸಪ್ಪೆ ಮೋರೆ ಹಾಕಿಕೊಂಡು ಕುಳಿತ. ಪಾಪ, ಎಷ್ಟು ಬೇಜಾರು ನೋಡು ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಅದರ ಮಾರನೆಯ ದಿನ ಗುರು ಕ್ಲಾಸಿನಲ್ಲಿರಲಿಲ್ಲ. ಕವನಳೂ ಕಾಣಲಿಲ್ಲ. ಅಮೂಲ್ಯ ದಡದಡನೆ ಕಾಲೇಜೆಲ್ಲ ಹುಡುಕಿದಳು. ಪರೀಕ್ಷಾ ಕೊಠಡಿಯ ಮುಚ್ಚಿದ ಬಾಗಿಲ ಹೊರಗೆ ಕವನ ಒಬ್ಬಳೇ ನಿಂತಿದ್ದಳು.

"ಗುರು ಎಲ್ಲಿ?"

"ಒಳಗಿದಾರೆ. ಇನ್ನು ಮುಚ್ಚಿಟ್ಟು ಏನು ಬಂತು ಅಕ್ಕ, ಫಸ್ಟ್ ಇಯರ್‌ದು ಒಂದು ಪೇಪರ್ ಉಳಿಸ್ಕೊಂಡಿದಾರೆ. ನಿಮಗೆ ಹೇಳೋಕೆ ನಾಚಿಕೆ ಅಂತ ನನ್ನ ಹತ್ರ ಪಾಠ ಹೇಳಿಸ್ಕೊಳ್ತಿದ್ರು. ಇದು ಪಾಸಾದ್ಮೇಲೇ ನಿಮ್ಮಪ್ಪನ ಮುಂದೆ ನಿಲ್ತೀನಿ ಅಂತಿದ್ರು."

ಅಮೂಲ್ಯ ಮುಚ್ಚಿದ ಬಾಗಿಲ ಕಡೆ ತಿರುಗಿದಳು.

"ಹೋದ ಸಲ ಫೇಲಾಗಿದ್ದೂ ಹೃದಯದ ಪಾಠದಲ್ಲೇ ಅಕ್ಕ."