ಮೇಟಿ ಕಡೆಯ ಸಾಲು

ಎರಡನೆಯ ಸುತ್ತಿನಲ್ಲೂ ತಿಕೋಟಾ ರಸ್ತೆ ಎಡಗಡೆ ಕಾಣಿಸಿಕೊಂಡು ಹಿಂದೆ ಸರಿದುಹೋಯಿತು. ವಿಜಯಪುರದ ಹೊರಗಿನ ಹೊಸ ವೃತ್ತದಲ್ಲಿ, ಮೂರು ಸಾಲುಗಳ ಪೈಕಿ ತೀರ ಒಳಗಿನ ಸಾಲಿಗೆ ಬಸಗೊಂಡಪ್ಪನ ಕಾರು ಸಿಕ್ಕಿಬಿದ್ದಿತ್ತು. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್, ಅದರಾಚೆ ಬಸ್ಸು, ಅವುಗಳ ಬೆನ್ನಿಗೆ ಬೈಕುಗಳ ಹಿಂಡು. ಎಡಕ್ಕೆ ಸರಿಯಲು ಸಂದಿಯೇ ಇಲ್ಲ.

"ಯಪ್ಪಾ, ಮತ್ತ ಬಿಟ್ಟಿ," ಎಂದಳು ಹಿಂದಿನ ಸೀಟಿನಲ್ಲಿದ್ದ ಮಗಳು ವಿಜಯಲಕ್ಷ್ಮೀ. "ಹೋದ ವಾರ ಹಿಂಗ ಮಾಡಿ, ತಿಕೋಟಾಕ್ಕ ಹೊಂಟಾಂವ ಇಟ್ಟಂಗಿಹಾಳ ಮುಟ್ಟಿದ್ದಿ."

"ಇಟ್ಟಂಗಿಹಾಳದಾಗ ಚಾ ಚಲೋ ಇತ್ತು," ಎಂದಳು ಪಕ್ಕದಲ್ಲಿದ್ದ ಹೆಂಡತಿ ಗೌರಾಬಾಯಿ, ಗಂಡನ ಮುಖ ನೋಡದೆ.

ಇಟ್ಟಂಗಿಹಾಳದ ಆ ಸುದ್ದಿ ಕೇಳಿದ ಮೇಲೆಯೇ ಮಗಳು ಕರಾರು ಹಾಕಿದ್ದು. ಇವತ್ತು ಗೌರಾಬಾಯಿಯ ತವರಾದ ತಿಕೋಟಾದಲ್ಲಿ ಊಟ. ಹೋಗುವಾಗ ಅವಳು ಪಾಠ ಹೇಳುತ್ತಾಳೆ; ಸಂಜೆ ಬರುವಾಗ ಪರೀಕ್ಷೆ. ಅಪ್ಪ ವೃತ್ತವನ್ನು ಸರಿಯಾಗಿ ದಾಟಿದರೆ ಕಾರಿನ ಚಾವಿ ಅವನ ಊರು ಬಬಲೇಶ್ವರದಲ್ಲಿ ಅವನ ಅಂಗಿಯ ಕಿಸೆಯಲ್ಲೇ ಇರುತ್ತದೆ. ತಪ್ಪಿದರೆ ವಿಜಯಪುರದಲ್ಲಿ, ಅವಳ ಮನೆಯ ಮೊಳೆಗೆ ನೇತುಬೀಳುತ್ತದೆ. ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಬಸ್ಸಿಗೆ ಕಾಯುವವನಾಗುವುದು ಬಸಗೊಂಡಪ್ಪನಿಗೆ ಬೇಕಿರಲಿಲ್ಲ. ಊರಿನ ಬಾಯಿ ಅವನಿಗೆ ಗೊತ್ತು.

"ಎಡಕ್ಕ ಹೊಳ್ಳಾವ್ರಿಗೆ ಎಡಕಿನ ಸಾಲು. ನೆಟ್ಟಗ ಹೋಗಾವ್ರಿಗೆ ನಡಕಿಂದು. ಬಲಕ್ಕ ಹೊಳ್ಳಾವ್ರು, ತಿರುಗಿ ಬರಾವ್ರು ಅಷ್ಟ ಒಳಗ ಹೋಗಬೇಕು. ನಾವು ನೆಟ್ಟಗ ಹೋಗಾವ್ರು. ನೀ ಯಾಕ ಹೋಗಿ ಹೋಗಿ ಒಳಗ ಸೇರ್ತಿ?" ಎಂದು ಮಗಳು ಪಾಠ ಶುರು ಮಾಡಿದಳು.

"ಹಿರ್ಯಾರು ಮೇಟಿ ಕಡೆನ ಇರಬೇಕವ್ವಾ," ಎಂದ ಬಸಗೊಂಡಪ್ಪ. ಎಂದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದ.

ವೃತ್ತದ ನಟ್ಟನಡುವೆ ಎತ್ತರದ ದೀಪದ ಕಂಬ ನಿಂತಿತ್ತು. ಅದು ಕಣ್ಣಿಗೆ ಬಿದ್ದೊಡನೆ ಅವನ ಕೈ ತಾನಾಗಿ ಬಲಕ್ಕೆ ಎಳೆಯುತ್ತಿತ್ತು. ಹಿಂದೆ ಅವರ ಹೊಲದ ಕಣದ ನಡುವೆಯೂ ಹೀಗೆಯೇ ಮೇಟಿ ಕಂಬ ನೆಟ್ಟಿರುತ್ತಿದ್ದರು. ಮೇಟಿಗೆ ಒಂದು ಎತ್ತು, ಅದರ ಕೊರಳಿಗೆ ಇನ್ನೊಂದು, ಅದರಾಚೆ ಮತ್ತೊಂದು. ಹೀಗೆ ಹಂತಿ ಕಟ್ಟಿ ಜೋಳದ ತೆನೆ ತುಳಿಸುತ್ತಿದ್ದರು. ಹೊರಗೆ ದೊಡ್ಡ ಸುತ್ತು ಹೊಡೆಯಲು ಹುರುಪಿನ ಹೋರಿ. ಮೇಟಿಯ ಮಗ್ಗುಲಿಗೆ ಮನೆಯ ಹಿರಿಯ ಎತ್ತು ಕೆಂದ. ಅದರ ಜಾಗ ಬೇರೆ ಎತ್ತಿಗೆ ಕೊಟ್ಟವರಿಲ್ಲ. ಹಂತಿಯ ಹಿಂದೆ ನಡೆಯುತ್ತ ಗಂಡಸರು ಪದ ಹೇಳುತ್ತಿದ್ದರು. ಕಣದ ಅಂಚಿನಲ್ಲಿ ಕಾಳು ಹಸನು ಮಾಡುತ್ತಿದ್ದ ಹೊಸ ಸೊಸೆ ಗೌರಾಬಾಯಿ, ಮೊರ ನಿಲ್ಲಿಸದೆ, ಅವರು ಉಸಿರು ತೆಗೆದುಕೊಳ್ಳುವಲ್ಲಿ ಸೊಲ್ಲು ಎತ್ತಿಕೊಳ್ಳುತ್ತಿದ್ದಳು. ಹೆಂಗಸು ಹಂತಿ ಪದ ಹೇಳುವುದೇ ಎಂದು ಹಿರಿಯರು ಹುಬ್ಬೇರಿಸಿದರು. ಬೇಡವೆಂದು ಯಾರೂ ಅನ್ನಲಿಲ್ಲ. ಅಂಥ ದನಿ ಅದು. ರಾಶಿ ಮಷಿನ್ ಬಂದ ವರ್ಷ ಮೇಟಿ ಕಿತ್ತರು. ಆ ಸದ್ದಿನಲ್ಲಿ ಯಾರು ಹಾಡುತ್ತಾರೆ? ಗೌರಾಬಾಯಿ ಸುಮ್ಮನಾದಳು.

"ಅಲ್ರಿ, ರಾಶಿ ಮುಗಿದ ಮ್ಯಾಲ ಮೇಟಿ ಎತ್ತಿನ ಹಗ್ಗ ಯಾವಾಗ ಬಿಚ್ಚತಿದ್ರಿ?" ಎಂದು ಈಗ ಕೇಳಿದಳು.

"ಎಲ್ಲಾಕ್ಕಿಂತ ಕಡೀಕ."

"ಮೊದಲ ಯಾವದು ಹೊರಗ ಬೀಳ್ತಿತ್ತು?"

"ಹೊರಗಿಂದು."

"ಮತ್ತ? ಅಲ್ಲಿ ತಿಕೋಟಾದಾಗ ಅನ್ನ ಆರಾಕತ್ತೈತಿ. ಇವತ್ತೊಂದಿನ ಕೆಂದ ಆಗೂದು ಬಿಟ್ಟು ಹೋರಿ ಆಗ್ರಿ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಸಗೊಂಡಪ್ಪ ನಗಲಿಲ್ಲ. ಟ್ರ್ಯಾಕ್ಟರ್ ಮುಂದೆ ಹೋಗಲು ಬಿಟ್ಟು, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ಒಂದು ಸಾಲು ಎಡಕ್ಕೆ ಸರಿದ. ಮತ್ತೆ ನೋಡಿ ಇನ್ನೊಂದು ಸಾಲು. ತಿಕೋಟಾ ರಸ್ತೆ ಈ ಸಲ ಹಿಂದೆ ಸರಿಯದೆ ಎದುರಿಗೆ ಬಂದಿತು.

ತವರಿನಲ್ಲಿ ಗೌರಾಬಾಯಿ ಬೆಳಗಿನ ಸುತ್ತಿನ ಕಥೆಯನ್ನು ಎಲ್ಲರಿಗೂ ಉಣಬಡಿಸಿದಳು. ಸಂಜೆ ಮರಳುವಾಗ ವೃತ್ತದಲ್ಲಿ ಗಾಡಿಗಳು ವಿರಳವಾಗಿದ್ದವು. ಬಸಗೊಂಡಪ್ಪ ಅರ್ಧ ಫರ್ಲಾಂಗು ಮುಂಚೆಯೇ ನಡುವಿನ ಸಾಲು ಹಿಡಿದ. ಹಿಂದೆ ಮಗಳು ಉಸಿರು ಬಿಗಿಹಿಡಿದು ಕುಳಿತಿದ್ದಳು. ಕಾರು ವೃತ್ತದೊಳಗೆ ಬಂದು ಕಂಬದ ಮಗ್ಗುಲು ಹಾಯುವಾಗ ಗೌರಾಬಾಯಿ ಅದನ್ನೇ ನೋಡುತ್ತಿದ್ದಳು. ನೋಡುತ್ತಲೇ ಗುನುಗಿದಳು. ಗುನುಗು ಸೊಲ್ಲಾಯಿತು. ಮಷಿನ್ ಬಂದ ವರ್ಷದಿಂದ ಬಸಗೊಂಡಪ್ಪ ಕೇಳಿರದ ದನಿ. ಸ್ವಲ್ಪ ಒಡೆದಿತ್ತು, ಧಾಟಿ ಮಾತ್ರ ತಪ್ಪಿರಲಿಲ್ಲ.

"ಬರೋಬ್ಬರಿ ಐತಿ ಯಪ್ಪಾ," ಎಂದಳು ಮಗಳು. "ಅಗದಿ ಬರೋಬ್ಬರಿ ಸಾಲು. ಈಗ ಎಡಕಿನ ಇಂಡಿಕೇಟರ್ ಹಾಕಿ ಹೊಳ್ಳಿಸಿಬಿಡು, ಪಾಸಾದಿ. ಚಾವಿ ನಿಂದಽ."

ವಿಜಯಪುರದ ರಸ್ತೆ ಎಡಕ್ಕೆ ಬಾಯ್ದೆರೆದು ನಿಂತಿತ್ತು. ಹಾಡು ಮೊದಲ ನುಡಿಯನ್ನು ಮುಗಿಸಿ ಎರಡನೆಯದಕ್ಕೆ ಕಾಲಿಡುತ್ತಿತ್ತು. ಬಸಗೊಂಡಪ್ಪ ಕನ್ನಡಿ ನೋಡಿದ. ಬಲಗಡೆಯ ಇಂಡಿಕೇಟರ್ ಹಾಕಿದ. ಸಾವಕಾಶ, ಒಳಗಿನ ಸಾಲಿಗೆ ಸರಿದ.

"ಯಪ್ಪಾ! ಗೆದ್ದದ್ದು ಕೈಯಾರೆ ಕಳಕೊಂಡೆಲ್ಲೋ! ಇನ್ನ ಚಾವಿ ನನಗ ಬಂತು ನೋಡು."

"ಮನಿ ಮುಟ್ಟಿದ ಮ್ಯಾಲ ತಗೋಬೇ," ಎಂದ ಬಸಗೊಂಡಪ್ಪ, ಕಂಬದ ಸುತ್ತ ಕಾರು ತಿರುಗಿಸುತ್ತ. "ನಿಮ್ಮವ್ವನ ಪದಾ ಇನ್ನೂ ಮುಗದಿಲ್ಲ."