ಸ್ವೀಡನ್ನಿಗೆ ಹೊರಟವಳಿಗೆ ಆರತಿ

"ಮಮ್ಮಿ, ಪ್ಲೀಸ್, ಆಯಿಗೆ ಹೇಳಬ್ಯಾಡ! ಶಿ ವಿಲ್ ಮೇಕ್ ಮಿ ಸಿಟ್!"

ಮಡಿಚಿದ ಟವೆಲ್ಲುಗಳನ್ನು ಎದೆಗವಚಿಕೊಂಡು ಬರುತ್ತಿದ್ದ ದ್ಯಾಮವ್ವ ಬಾತ್‌ರೂಮಿನ ಬಾಗಿಲ ಮುಂದೆ ಗಕ್ಕನೆ ನಿಂತಳು. ಒಳಗಿನಿಂದ ಬಂದದ್ದು ಮೊಮ್ಮಗಳು ಶಿವಾನಿಯ ಅಳುದನಿ. ಹುಬ್ಬಳ್ಳಿಯಿಂದ ಪರದೇಶದ ಮಿಸ್ಸಿಸಾಗಾದಲ್ಲಿರುವ ಮಗನ ಮನೆಗೆ ಬಂದು ಎರಡು ವರ್ಷ. ಇಂಗ್ಲಿಷು ಬಾರದಿದ್ದರೂ ತನ್ನ ಹೆಸರೆತ್ತಿ ಆಡಿದ ಮಾತು ಯಾವ ಭಾಷೆಯಲ್ಲಿದ್ದರೂ ದ್ಯಾಮವ್ವನಿಗೆ ತಿಳಿಯುತ್ತಿತ್ತು. ‘ಆಯಿ’ ಅಂದರೆ ಅಜ್ಜಿ, ಅಂದರೆ ತಾನು; ‘ಸಿಟ್’ ಅಂದರೆ ಕೂಡು, ಕೂತುಕೋ. ಹದಿಮೂರು ವರ್ಷದ ಹುಡುಗಿ, ಮುಚ್ಚಿದ ಬಾಗಿಲು, ಅಳು, ಒಳಗೆ ಸೊಸೆ ಹೇಮಶ್ರೀಯ ಸಮಾಧಾನ. ಇಷ್ಟಾದರೂ ಗೊತ್ತಾಗದಿರಲು ಇವಳೇನು ನಿನ್ನೆ ಮೊನ್ನೆ ಹುಟ್ಟಿದವಳೇ? ಶಿವಾನಿ ದೊಡ್ಡವಳಾಗಿದ್ದಳು.

ಅಲ್ಲ, ಅದು ಇವತ್ತೇ ಆಗಬೇಕಿತ್ತೆ! ಸಂಜೆಗೆ ವಿಮಾನ. ಸ್ವೀಡನ್ನಿನಲ್ಲಿ ನಡೆಯುವ ಹುಡುಗಿಯರ ಫುಟ್‌ಬಾಲ್ ಟೂರ್ನಮೆಂಟಿಗೆ ಇವರ ಕ್ಲಬ್ಬಿನ ಹದಿನಾರು ಮಂದಿ ಹೊರಟಿದ್ದರು. ಎಷ್ಟೋ ದೇಶಗಳ ತಂಡಗಳು ಬರುತ್ತವಂತೆ. ಗೋಲು ಕಾಯುವ ಇನ್ನೊಬ್ಬಳು ಬೆರಳು ಮುರಿದುಕೊಂಡ ಮೇಲೆ ಆ ಜಾಗಕ್ಕೆ ಉಳಿದವಳು ಶಿವಾನಿ ಒಬ್ಬಳೇ. ಇನ್ನು ಅರ್ಧ ಗಂಟೆಯಲ್ಲಿ ಏರ್‌ಪೋರ್ಟಿಗೆ ಕರೆದೊಯ್ಯುವ ವ್ಯಾನು ಬಾಗಿಲಿಗೆ ಬರುವುದಿತ್ತು.

ದ್ಯಾಮವ್ವನ ಕರುಳು ಚುರುಕ್ಕೆಂದದ್ದು ಅದಕ್ಕಲ್ಲ. ಮನೆಯ ಹಿರಿಯಳಿಗೆ ಮೊದಲು ಹೇಳಬೇಕಾದ ಸುದ್ದಿಯನ್ನು ಕಳ್ಳಮಾಲಿನ ಹಾಗೆ ಬಚ್ಚಿಡುತ್ತಿದ್ದಾರಲ್ಲ! ಆದರೆ ತಪ್ಪು ಯಾರದು? ಕಳೆದ ಚಳಿಗಾಲದಲ್ಲಿ ನಾರ್ತ್ ಯಾರ್ಕಿನಲ್ಲಿರುವ ಪರಿಚಯದ ವಸಂತಾಳ ಮಗಳು ದೊಡ್ಡವಳಾದಾಗ ಮೂರನೇ ದಿನಕ್ಕೇ ಸ್ಕೂಲಿಗೆ ಕಳಿಸಿದರೆಂದು, "ಐದು ದಿನಾ ಕೂಡಸಲಿಲ್ಲ, ಒಂದು ಆರತಿ ಎತ್ತಲಿಲ್ಲ, ಎಂಥಾ ಮಂದಿ ಇವರು!" ಎಂದು ಇದೇ ಮನೆಯಲ್ಲಿ ಕೂತು ವಾರಗಟ್ಟಲೆ ಬೈದವಳು ಇವಳೇ. ಶಿವಾನಿ ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ದ್ಯಾಮವ್ವ ಬಾಗಿಲು ತಟ್ಟಿದಳು. "ಹೇಮಾ, ತಗಿ."

ಬಾಗಿಲು ತೆರೆದ ಹೇಮಶ್ರೀಯ ಮುಖ ಬಿಳಿಚಿಕೊಂಡಿತ್ತು. "ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಐದು ದಿನಾ ಅಂದ್ರ ಮ್ಯಾಚೆಲ್ಲಾ ಮುಗದ ಹೋಗ್ತಾವ್ರಿ. ಆ ಕೋಚಿಗೆ ನಾ ಏನಂತ ಹೇಳಲಿ?"

ಅವಳ ಹಿಂದೆ, ತಂಡದ ಕೆಂಪು ಜರ್ಸಿ ತೊಟ್ಟ ಶಿವಾನಿ ಅಜ್ಜಿಯ ಕಡೆ ನೋಡದೆ ಮೂಗು ಒರೆಸಿಕೊಳ್ಳುತ್ತಿದ್ದಳು.

"ಕೂಡಬೇಕು," ಎಂದಳು ದ್ಯಾಮವ್ವ. "ಅದನ್ನ ಬಿಡಾಕ ಬರೂದಿಲ್ಲ." ಹುಡುಗಿಯ ತುಟಿ ಮತ್ತೆ ಅದುರಿದ್ದನ್ನು ಕಂಡು ಅವಳ ದನಿ ತಾನಾಗಿಯೇ ಇಳಿಯಿತು. "ಐದು ದಿನದ್ದು ಐದು ನಿಮಿಷದಾಗ ಮುಗಸೂಣು. ಹೂಂ, ಹಂಗ ಯಾಕ ಬಾಯಿ ತಕ್ಕೊಂಡು ನಿಂತಿ ಹೇಮಾ? ಕೊಬ್ರಿ ಬೆಲ್ಲಾ ತಗಿ!"

ಆಮೇಲೆ ಮನೆ ಮದುವೆಮನೆಯಾಯಿತು. ಮಣೆ ಇರಲಿಲ್ಲ, ಹೇಮಶ್ರೀಯ ಯೋಗದ ಚಾಪೆ ಹಾಸಿದ್ದಾಯಿತು. ಉತ್ತತ್ತಿ ಇರಲಿಲ್ಲ, ಡಬ್ಬಿಯ ಖರ್ಜೂರ ಬಂತು. ಬಟ್ಟೆ ಬದಲಿಸಲು ಹೊತ್ತಿಲ್ಲದೆ ಜರ್ಸಿಯ ಮೇಲೆಯೇ ಹಸಿರು ಸೀರೆ ಹೊದಿಸಿದರು. ದ್ಯಾಮವ್ವ ಅಡುಗೆಕಟ್ಟೆಯ ಆಚೆ ನಿಂತು "ಕುಂಕುಮ ಹಚ್ಚು, ತುಪ್ಪಾ ಇನ್ನಷ್ಟು ಹಾಕು, ಜಿಪುಣರಂಗ ಚೂರು ಚೂರು ಹಾಕಬ್ಯಾಡ" ಎಂದು ಅಪ್ಪಣೆ ಕೊಡುತ್ತಿದ್ದಳೇ ಹೊರತು ಚಾಪೆಯ ಹತ್ತಿರ ಸುಳಿಯಲಿಲ್ಲ. ಹೇಮಶ್ರೀ ಮಗಳ ಬಾಯಿಗೆ ಕೊಬ್ಬರಿ ಬೆಲ್ಲ ಇಟ್ಟು ಆರತಿ ಬೆಳಗಿದಳು.

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು.

"ಏಳ ಶಿವೂ, ಬಂದ್ರು!" ಎಂದಳು ಹೇಮಶ್ರೀ.

ಶಿವಾನಿ ಏಳಲಿಲ್ಲ. "ಆಯಿ ಮಾಡಿಲ್ಲ," ಎಂದಳು.

"ನಾ ಮಾಡಬಾರದು, ನನ್ನವ್ವಾ," ಎಂದಳು ದ್ಯಾಮವ್ವ. "ನಿಮ್ಮಜ್ಜಾ ತೀರಿಕೊಂಡ ಮ್ಯಾಲೆ ಆರತಿ ಮುಟ್ಟೂದು ಮುಗೀತು ನಂದು."

"ವೈ? ಯಾರು ಹೇಳಿದ್ರು?"

ಯಾರು ಹೇಳಿದ್ದರು? ದ್ಯಾಮವ್ವ ನೆನಪು ಮಾಡಿಕೊಳ್ಳಲು ನೋಡಿದಳು. ಗಂಡ ಹೋದ ಈ ಒಂಬತ್ತು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲೇ ತಾನೇ ಹಿಂದೆ ಸರಿದು ನಿಲ್ಲುವುದನ್ನು ಕಲಿತಿದ್ದಳು.

ಹಾರ್ನು ಮತ್ತೆ ಕೂಗಿತು. ಹೇಮಶ್ರೀ ಬಾಗಿಲಿಗೆ ಓಡಿ ಕೈಸನ್ನೆ ಮಾಡಿ ಬಂದಳು. "ಶಿವೂ, ಫ್ಲೈಟ್ ಮಿಸ್ ಆಗ್ತೈತಿ ನೋಡು!"

"ಆಯಿ ಮಾಡಲಿಲ್ಲಂದ್ರ ನಾ ಏಳಂಗಿಲ್ಲ." ಶಿವಾನಿ ಸೀರೆ ಬಿಗಿಯಾಗಿ ಹೊದ್ದುಕೊಂಡು ಚಕ್ಕಳಮಕ್ಕಳ ಹಾಕಿದಳು. "ಐ ವಿಲ್ ಸಿಟ್. ಐದು ದಿನಾ."

ದ್ಯಾಮವ್ವನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಸೆರಗಿಗೆ ಕೈ ಒರೆಸಿಕೊಂಡು ಬಂದು ತಟ್ಟೆ ಎತ್ತಿಕೊಂಡಳು. ಹೇಮಶ್ರೀ ಅತ್ತೆಯ ಮೊಣಕೈಗೆ ತನ್ನ ಕೈ ಆಸರೆ ಕೊಟ್ಟಳು. ಇಬ್ಬರೂ ಸೇರಿ ಮೂರು ಸುತ್ತು ಬೆಳಗಿದರು.

"ಏಳವಾ ಇನ್ನ," ಎಂದಳು ದ್ಯಾಮವ್ವ, ಮೊಮ್ಮಗಳ ಗಲ್ಲ ಹಿಡಿದು. "ನನ್ನ ಹಿಂಗ ಕೂಡಿಸಿದ ದಿನಾನ ಸಾಲಿ ಬಿಡಿಸಿದ್ರು. ಅವತ್ತ ಕುಂತಾಕಿ, ಎದ್ದದ್ದು ಸೀದಾ ಮದುವಿ ಹಂದರಕ್ಕ. ನೀ ಏಳು, ವಿಮಾನ ತಪ್ಪತೈತಿ."