ಸೊಸೆಯ ಹೆಸರಿನ ಕಾಯಿಲೆ

"ಇಕಿಗಿ ನಿದ್ದಿ ಇಲ್ಲರಿ, ಹಸಿವಿ ಇಲ್ಲರಿ, ಹೊಟ್ಟಿ ಉಬ್ಬರಸ್ತದರಿ," ಎಂದು ಕೌಸಲ್ಯಾಬಾಯಿ ಸೊಸೆ ಶಾಲುಬಾಯಿಯನ್ನು ಡಾಕ್ಟರಬಾಯಿಯ ಮುಂದೆ ಕೂಡಿಸಿದಳು. ನಿಜ ಹೇಳಬೇಕೆಂದರೆ ನಿದ್ದೆ ಇಲ್ಲದ್ದೂ ಹಸಿವು ಇಲ್ಲದ್ದೂ ಕೌಸಲ್ಯಾಬಾಯಿಗೇ. ಸೊಸೆ ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ ತಿಂದು ಬಂದವಳು, ಗುಂಡುಕಲ್ಲಿನ ಹಾಗಿದ್ದಳು.

ರೋಗ ಅತ್ತೆಯದು, ಹೆಸರು ಸೊಸೆಯದು ಎಂದು ತಮ್ಮೂರು ಸಾಯಗಾಂವ ಬಿಡುವ ಮೊದಲೇ ಇಬ್ಬರಲ್ಲಿ ಮಾತಾಗಿತ್ತು. ಕಿರಿಮಗಳ ಲಗ್ನ ಕಮಲನಗರದಲ್ಲಿ ಗೊತ್ತಾಗಿದೆ. ತಾಯಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಬೀಗರ ಕಿವಿಗೆ ಬಿದ್ದರೆ ಮುಗಿಯಿತು, ಹುಡುಗಿ ಮನೆಯಲ್ಲೇ ಉಳಿದಳು. "ನಿಂದರ ಲಗ್ನ ಆಗಿ ಹೋಗ್ಯಾದ, ನಿನಗ ಯಾರೇನು ಅಂತಾರ?" ಎಂದಿದ್ದಳು ಅತ್ತೆ. ಶಾಲು ನಕ್ಕು ಒಪ್ಪಿದ್ದಳು. ಪರರ ಮುಂದೆ ಅತ್ತೆ ಕೂತಿರುವಾಗ ಸೊಸೆ ಬಾಯಿ ಬಿಡುವ ರೂಢಿ ಅವರಲ್ಲಿಲ್ಲ. ಹಾಗಾಗಿ ಅತ್ತೆ ಹೇಳಿದ್ದೇ ರೋಗ, ಡಾಕ್ಟರು ಕೊಟ್ಟದ್ದೇ ಔಷಧ. ಹೊರಗೆ ಬಂಡಿ ಬಿಟ್ಟು ಎತ್ತುಗಳಿಗೆ ಮೇವು ಹಾಕುತ್ತಿದ್ದ ಮಗ ಪಂಢರಿ ಕೂಡ ಕಾಯಿಲೆ ಹೆಂಡತಿಗೇ ಎಂದು ನಂಬಿ ಮುಖ ಸಣ್ಣದು ಮಾಡಿಕೊಂಡಿದ್ದ.

ಭಾಲ್ಕಿಯ ದವಾಖಾನೆಯಲ್ಲಿ ಹಿಂದಿನ ಡಾಕ್ಟರ್ ಸಾಹೇಬರೇ ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರದು ಉರ್ದು, ಕೌಸಲ್ಯಾಬಾಯಿಯದು ಕನ್ನಡ. ಬೆರಳು ಮಾಡಿ ತೋರಿಸಲು ಬರುವ ನೋವಿಗೆ ಔಷಧ ಸಿಗುತ್ತಿತ್ತು, ತೋರಿಸಲು ಬಾರದ್ದನ್ನು ಅವಳು ಹಾಗೆಯೇ ಮನೆಗೆ ವಾಪಸು ತರುತ್ತಿದ್ದಳು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಈ ಡಾಕ್ಟರಬಾಯಿ ಮಾತ್ರ ಮೈಸೂರು ಕಡೆಯವಳು. ಮಾತು ಬಲು ಮೆತ್ತಗೆ, ಆದರೆ ಒಂದನ್ನೂ ಬಿಡದೆ ಕೇಳುವ ಹೆಂಗಸು.

ಶಾಲುವಿನ ನಾಡಿ ನೋಡಿ, ಎದೆಗೆ ನಳಿಕೆ ಇಟ್ಟು ಕೇಳಿ, ಆಕೆ ಹುಬ್ಬು ಗಂಟಿಕ್ಕಿದಳು. "ಅತ್ತೆಯವರೇ, ನೀವು ಸ್ವಲ್ಪ ಸುಮ್ಮನಿರಿ. ಇವರ ಬಾಯಿಂದಲೇ ಕೇಳೋಣ. ಹೇಳಮ್ಮ, ಏನಾಗುತ್ತೆ?"

ಸೊಸೆ ಎಲ್ಲಿ ಎಡವಟ್ಟು ಮಾಡುತ್ತಾಳೋ ಎಂದು ಕೌಸಲ್ಯಾಬಾಯಿ ಉಸಿರು ಹಿಡಿದಳು. ಶಾಲು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಶುರುಮಾಡಿದಳು.

"ರೊಟ್ಟಿ ಬಡೀಲಿಕ್ಕ ಕುಂತರ ಕೈ ಸುಮ್ನ ನಿಂತು ಬಿಡ್ತದರಿ. ಹಂಚಿನ ಮ್ಯಾಲಿಂದು ಹೊತ್ತಿದ್ದೂ ತಿಳಿಯಂಗಿಲ್ಲ. ಬಾಗಲ ಸಪ್ಪಳಾದರ ಎದಿ ಧಡಧಡ ಅಂತದ. ಮಂದಿ ನಕ್ಕರ ನಾನೂ ನಗ್ತೀನಿ, ಒಳಗ ನಗಿ ಇರಂಗಿಲ್ಲ. ಕೋಳಿ ಕೂಗೋಕಿಂತ ಮೊದಲ ಎದ್ದು ಕಣಕಿ ಬಣವಿ ಹಿಂದ ಹೋಗ್ತೀನಿ. ಸೆರಗ ಬಾಯಾಗ ತುರಕೊಂಡು ಅಳ್ತೀನಿ."

ಅತ್ತೆ ಚಕಿತಳಾದಳು. ಸೊಸೆಗೆ ಅವಳು ಹೇಳಿಕೊಟ್ಟಿದ್ದು ನಿದ್ದೆ ಮತ್ತು ಹೊಟ್ಟೆಯ ಮಾತು ಮಾತ್ರ. ಬಣವೆಯ ಹಿಂದಿನ ಅಳು ದೇವರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ಕಳವು ಸಿಕ್ಕಿಬಿದ್ದವರ ಹಾಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಈ ಹುಡುಗಿಯ ಮೇಲೆ ಮಮತೆ ಉಕ್ಕಿ ಬಂತು.

"ಮನೇಲಿ ಏನಾದರೂ ತೊಂದರೆ ಇದೆಯಾ?"

"ಏನೂ ಇಲ್ಲರಿ. ಎಲ್ಲಾ ಛಲೋ ಅದ. ಅದಕ್ಕೇ ಹೇಳ್ಲಿಕ್ಕ ಇನ್ನಾ ನಾಚಿಕಿ."

ಡಾಕ್ಟರಬಾಯಿ ಲೇಖನಿ ಕೆಳಗಿಟ್ಟಳು. "ಸತ್ತುಹೋಗಬೇಕು ಅಂತ ಅನ್ನಿಸುತ್ತಾ ತಾಯಿ? ಇದೊಂದಕ್ಕೆ ನಿಜ ಹೇಳಬೇಕು. ನೀವು ಮುಚ್ಚಿಟ್ಟರೆ ನಾನು ಔಷಧ ಕೊಟ್ಟೂ ಪ್ರಯೋಜನವಿಲ್ಲ."

ಇಷ್ಟರವರೆಗೆ ನೆಲ ನೋಡುತ್ತಿದ್ದ ಶಾಲು ಈಗ ಅತ್ತೆಯ ಮುಖ ನೋಡಿದಳು. ಪಾಪ, ಇದು ಇವಳಿಗೆ ತಿಳಿಯದು ಎಂದುಕೊಂಡಳು ಕೌಸಲ್ಯಾಬಾಯಿ. ತಾನೇ ಬಾಯಿ ಹಾಕಿ 'ಇಲ್ಲ' ಎಂದುಬಿಟ್ಟರೆ ಮಗಳ ಲಗ್ನ ಉಳಿಯುತ್ತದೆ, ಔಷಧದ ಶೀಶೆ ಹಿಡಿದು ಬಂಡಿ ಹತ್ತಬಹುದು. ಆದರೆ ಆ ಒಂದು ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಆಕಿ ಹ್ಯಾಂಗ ಹೇಳ್ತಾಳರಿ," ಎಂದಳು ಅತ್ತೆ. "ಜಡ್ಡು ನಂದು. ಸುಳ್ಳ ಹೇಳಿದೆ, ಮಾಫ್ ಮಾಡ್ರಿ. ಅನಸ್ತದರಿ. ದಿನಾ ಅನಸ್ತದ. ಬಣವಿ ಹಿಂದಿಂದ ಎದ್ದು ಸೀದಾ ಬಾಂವಿ ಕಡಿ ನಡೀತೀನಿ."

ಡಾಕ್ಟರಬಾಯಿ ಗದರಲಿಲ್ಲ, ಬೆಚ್ಚಲೂ ಇಲ್ಲ. ಎದ್ದು ಬಂದು ಕೌಸಲ್ಯಾಬಾಯಿಯ ಕೈ ಹಿಡಿದಳು. "ಇದು ಹುಚ್ಚಲ್ಲ, ಗಾಳಿಯೂ ಹಿಡಿದಿಲ್ಲ. ಜ್ವರದ ಹಾಗೆ ಇದೂ ಕಾಯಿಲೆ. ನಿಧಾನ, ಆದರೆ ವಾಸಿಯಾಗುತ್ತೆ. ವಾರ ವಾರ ಬರಬೇಕು. ಒಬ್ಬರೇ ಇರಬಾರದು. ಮಗನಿಗೆ ಇವತ್ತೇ ಹೇಳಬೇಕು."

"ಬೀಗರಿಗಿ ತಿಳಿದರ?"

"ನನ್ನ ಬಾಯಿಂದ ತಿಳಿಯಲ್ಲ." ಆಕೆ ಹಿಡಿದ ಕೈ ಬಿಡದೆ ಕೇಳಿದಳು, "ಬಾವಿ ಕಡೆ ಹೋದವರು ವಾಪಸು ಹೇಗೆ ಬರ್ತೀರಿ?"

"ಮನಿಯೊಳಗ ಕೊಡದ ಸಪ್ಪಳ ಆಗ್ತದರಿ. ಸೊಸಿ ಎದ್ದಾಳ, ನನ್ನ ಹುಡುಕ್ತಾಳ ಅಂತ ತಿರುಗಿ ಬರ್ತೀನಿ. ಬಾಂವಿ ಕಡಿ ಹೋದಾಗೆಲ್ಲ ಇದೇ ಆಗ್ತದ ನೋಡ್ರಿ." ಕೌಸಲ್ಯಾಬಾಯಿ ಕಣ್ಣೊರಸಿಕೊಂಡು, ಇದ್ದಬದ್ದ ಅತ್ತೆತನವನ್ನೆಲ್ಲ ಒಟ್ಟುಗೂಡಿಸಿ ಸೊಸೆಯ ಕಡೆ ತಿರುಗಿದಳು. "ಅಲ್ಲಾ ಶಾಲೂ, ಅಂಥಾ ಕತ್ತಲದಾಗ ನಿನಗ ನೀರೇನು ಬೇಕಾಗಿರ್ತದ?"

"ಕೊಡ ಖಾಲಿ ಇರ್ತಿತ್ತರಿ, ಅತ್ತಿ," ಎಂದಳು ಶಾಲು. "ನೀವು ತಿರುಗಿ ಬರೋತನಕ ಬಡೀತಿದ್ದೆ."